ಸತ್ತ ಕುದುರೆಯ ಲಾಳ

ಪೋರೂರಿನ ಆ ಹೋಟೆಲಿನಲ್ಲಿ ತಾಳ್ಮೆ ಎಂದರೆ ಅಮ್ಮಣ್ಣಿ ಎಂಬ ಮಾತಿತ್ತು. ಹಿಂಬಾಗಿಲ ಪಕ್ಕ ತರಕಾರಿ ಹೆಚ್ಚುವ ಮೆಟ್ಟುಕತ್ತಿ ಹಾಕಿಕೊಂಡು ಕೂತಳೆಂದರೆ ಎರಡು ಮೂಟೆ ಬೂದುಗುಂಬಳ ಮುಗಿಯುವ ತನಕ ಏಳುವವಳಲ್ಲ. ಕೈಗೆ ಕೆಲಸ, ಕಿವಿಗೆ ಬಿಡುವು. ಸರ್ವರುಗಳ ಜಗಳ, ಗಿರಾಕಿಗಳ ಸಂಸಾರ, ಹಾಲಿನವನ ಸುಳ್ಳು, ಎಲ್ಲ ಅವಳ ಕಿವಿಗೆ ಬಿದ್ದು ಅಲ್ಲೇ ಉಳಿಯುತ್ತಿತ್ತು. ಮಾಲೀಕ ಶ್ರೀನಾಥ್ ಹೊಸದಾಗಿ ಕೆಲಸಕ್ಕೆ ಸೇರಿದವರಿಗೆಲ್ಲ ಅವಳನ್ನು ತೋರಿಸಿ, ಕೋಪ ಬಂದರೆ ಈ ಅಮ್ಮನನ್ನು ನೋಡಿ ಕಲಿಯಿರಿ ಎನ್ನುತ್ತಿದ್ದರು. ಅವರಿಗೇನು ಗೊತ್ತು. ಕ್ಷಮಿಸುವವರಿಗೂ ತಾಳ್ಮೆ ಬೇಕು, ಕಾಯುವವರಿಗೂ ತಾಳ್ಮೆ ಬೇಕು. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ ಥರ ಕಾಣುತ್ತದೆ.

ಬ್ರಹ್ಮಾವರದ ಹತ್ತಿರದ ಹಳ್ಳಿಯಿಂದ ಮದುವೆಯಾಗಿ ಈ ತಮಿಳು ಊರಿಗೆ ಬಂದಾಗ ಅಮ್ಮಣ್ಣಿಗೆ ಹದಿನೆಂಟು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಗಂಡ ಕಾಂತಪ್ಪ ಆಗ ದೋಸೆಕಲ್ಲಿನ ಮುಂದೆ ನಿಲ್ಲುವವ. ಈಗ ಮೊಣಗಂಟು ಹೋಗಿ, ರುಬ್ಬುವ ಯಂತ್ರದ ಪಕ್ಕ ಸ್ಟೂಲು ಹಾಕಿ ಕೂತು, ದೋಸೆ ಹುಯ್ಯುವವರ ತಪ್ಪು ಎಣಿಸುವವ. ಹೋಟೆಲಿನ ಹಿಂದೆ ಎರಡು ಕೋಣೆ ಅವರಿಗೆ. ಅದರ ಹಿಂದೆ ಒಂದು ಬೇವಿನ ಮರ, ಒಂದು ಖಾಲಿ ಜಾಗ. ಆಮೇಲೆ ಪೋರೂರು ಕೆರೆಯ ಏರಿ.

ಕುದುರೆ ಮೊದಲು ಬಂದದ್ದು ಆ ಖಾಲಿ ಜಾಗಕ್ಕೆ, ಹೋದ ವರ್ಷದ ಹಿಂದಿನ ವರ್ಷ, ಆಡಿ ತಿಂಗಳಲ್ಲಿ. ಊರ ಕಡೆ ಅದಕ್ಕೇ ಆಟಿ ಎನ್ನುತ್ತಾರೆ. ಆಷಾಢದ ಹಾಗೆ, ಆ ತಿಂಗಳು ಇಲ್ಲಿ ಮದುವೆ ಇಲ್ಲ, ಮೆರವಣಿಗೆ ಇಲ್ಲ. ಮದುಮಗನ ಸಾರೋಟು ಎಳೆಯುವ ಕುದುರೆಗಳಿಗೆ ಕೆಲಸವೂ ಇಲ್ಲ. ಕೆಲಸ ಇಲ್ಲದ ಕುದುರೆಗೆ ಹುಲ್ಲು ಹಾಕುವವರು ಯಾರು? ಕೆಲವರು ಹಗ್ಗ ಬಿಚ್ಚಿ ಬೀದಿಗೆ ಬಿಡುತ್ತಾರೆ. ಕಸದ ತೊಟ್ಟಿ ಮೇಯ್ದು ಬದುಕಿ ಉಳಿದರೆ ಮುಂದಿನ ತಿಂಗಳು ಆವಣಿ ಹುಟ್ಟಿದ ಕೂಡಲೇ ಹಿಡಿದು ತಂದು, ಮೈ ತೊಳೆದು, ಮಖಮಲ್ಲು ಹೊದಿಸಿ ಗಾಡಿಗೆ ಹೂಡುತ್ತಾರೆ. ಸತ್ತರೆ ಕಾರ್ಪೊರೇಷನ್ ಲಾರಿ ಬರುತ್ತದೆ.

ಅದು ಕಂದು ಬಣ್ಣದ ಗಂಡು ಕುದುರೆ. ಪಕ್ಕೆಲುಬು ಎಣಿಸಬಹುದಿತ್ತು. ಗೊರಸು ಬೆಳೆದು ಚಪ್ಪಲಿಯ ಹಾಗೆ ಮುಂದಕ್ಕೆ ಚಾಚಿತ್ತು. ಬೇವಿನ ಮರಕ್ಕೆ ಹಣೆ ಒತ್ತಿಕೊಂಡು ನಿಂತಿತ್ತು. ಅಮ್ಮಣ್ಣಿ ಕೈಯ ಕೆಲಸ ಬಿಟ್ಟು ಎದ್ದಳು. ಹಸಿದ ಪ್ರಾಣಿಗೆ ಏನು ಕೊಡಬೇಕೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಟ್ಟಿದ ಮನೆಯ ಹಟ್ಟಿಯಲ್ಲಿ ನಾಲ್ಕು ದನ ಇದ್ದವು. ಅಕ್ಕಚ್ಚು ಎಂದರೆ ಹಟ್ಟಿಯ ಅಮೃತ: ಅಕ್ಕಿ ತೊಳೆದ ನೀರು, ಗಂಜಿತಿಳಿ, ತರಕಾರಿ ಸಿಪ್ಪೆ, ಉಳಿದ ಅನ್ನ, ಎಲ್ಲ ಒಂದು ಬಾನಿಗೆ. ಹೋಟೆಲಿನಲ್ಲಿ ಅದಕ್ಕೆ ಬರವೇ? ಅವಳು ಬಕೇಟು ತುಂಬ ಅಕ್ಕಚ್ಚು ಕೊಟ್ಟಳು. ಮೇಲಿನಿಂದ ಹುಳಿ ಬಂದ ದೋಸೆ ಹಿಟ್ಟನ್ನೂ ಸುರಿದಳು. ಕುದುರೆ ಬಕೇಟು ನೆಕ್ಕಿ ಅವಳ ಸೆರಗಿಗೆ ಮೂತಿ ಒರೆಸಿತು. ಎರಡು ದಿನ ಹಾಗೇ ನಡೆಯಿತು. ಅದಕ್ಕೊಂದು ಹೆಸರಿಡಬೇಕು ಎಂದುಕೊಂಡಿದ್ದಳು.

ಮೂರನೇ ದಿನ ಮಧ್ಯಾಹ್ನ ಕುದುರೆ ಬಿದ್ದು ಹೊರಳತೊಡಗಿತು. ತನ್ನ ಹೊಟ್ಟೆಯನ್ನು ತಾನೇ ಕಚ್ಚಿಕೊಳ್ಳುತ್ತಿತ್ತು. ಮೈಯೆಲ್ಲ ಬೆವರು. ಕಾಂತಪ್ಪ ವಾಯು ಇರಬೇಕೆಂದು ಓಮದ ಕಷಾಯ ಕುದಿಸಿ ತಂದ. ಹೋಟೆಲಿಗೆ ಕಾಫಿಗೆ ಬರುತ್ತಿದ್ದ ಪ್ರಾಣಿಗಳ ಡಾಕ್ಟರು ಪ್ರಣಮ್ಯಾಳಿಗೆ ಶ್ರೀನಾಥ್ ಫೋನು ಮಾಡಿದರು. ಅವಳು ಗಿಂಡಿ ಕಡೆಯಿಂದ ಸ್ಕೂಟರಿನಲ್ಲಿ ಬಂದು, ಕುದುರೆಯ ಹೊಟ್ಟೆಗೆ ಕಿವಿ ಇಟ್ಟು ಬಹಳ ಹೊತ್ತು ಕೇಳಿದಳು. ಕಾರ್ಕಳದ ಕಡೆಯವರ ಮಗಳು, ಆದರೆ ಹುಟ್ಟಿ ಓದಿದ್ದೆಲ್ಲ ಇಲ್ಲೇ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿದ್ದದ್ದು ತಮಿಳು.

"ಪಾಟಿ, ಎನ್ನ ಕುಡುತ್ತೀಂಗ?" ಎಂದಳು. ಅಜ್ಜೀ, ಏನು ಕೊಟ್ಟಿರಿ ಎಂದು.

ಅಮ್ಮಣ್ಣಿ ಹೇಳಿದಳು. ಹೇಳುತ್ತಾ ಹೇಳುತ್ತಾ ಹುಡುಗಿಯ ಮುಖ ನೋಡಿ ಅವಳಿಗೆ ಗೊತ್ತಾಯಿತು. ದನಕ್ಕೆ ನಾಲ್ಕು ಹೊಟ್ಟೆ, ಮೆಲುಕು ಹಾಕಿ ಅರಗಿಸುತ್ತದೆ. ಕುದುರೆಗೆ ಒಂದೇ ಹೊಟ್ಟೆ. ಅನ್ನ, ಹುಳಿ ಹಿಟ್ಟು ಒಳಗೆ ಹೋದರೆ ಉಬ್ಬಿ ಉಬ್ಬಿ ಕರುಳು ತಿರುಚುತ್ತದೆ. ವಾಂತಿ ಮಾಡೋಣವೆಂದರೆ ಕುದುರೆಗೆ ಅದೂ ಬಾರದು. ನುಂಗಿದ್ದನ್ನು ಹೊರಗೆ ಹಾಕಲು ತಿಳಿಯದ ಪ್ರಾಣಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದು ಸತ್ತಿತು.

ಮರುದಿನ ಬೆಳಿಗ್ಗೆ ಬದರಿನಾಥ ಬಂದ. ವಳಸರವಾಕ್ಕದ ಕಡೆ ಶೆಡ್ಡು ಇಟ್ಟುಕೊಂಡು ಮದುವೆಗಳಿಗೆ ಸಾರೋಟು, ಕುದುರೆ ಬಾಡಿಗೆಗೆ ಕೊಡುವವನು. ಅವನ ತಾಯಿ ಹೊಸೂರಿನವಳಂತೆ. ಅರ್ಧ ತಮಿಳು ಕಲಸಿದ ಕನ್ನಡ ಬರುತ್ತಿತ್ತು. ಕುದುರೆ ಹೇಗೆ ಸತ್ತಿತು ಎಂದು ಕೇಳಲಿಲ್ಲ, ಆ ಸುದ್ದಿ ಆಗಲೇ ಕಿವಿಗೆ ಬಿದ್ದಿತ್ತು. ಚೀಲದಿಂದ ಇಕ್ಕಳ ತೆಗೆದು, ಬಿದ್ದಿದ್ದ ಕುದುರೆಯ ಕಾಲನ್ನು ಮಂಡಿಯ ನಡುವೆ ಹಿಡಿದು, ಒಂದೊಂದೇ ಲಾಳ ಕಿತ್ತ. ಲಾಳಕ್ಕೆ ಗಿರಾಕಿ ಇದ್ದಾರೆ. ಶನಿ ಕಾಟಕ್ಕೆ ಉಂಗುರ ಮಾಡಿಸುವವರು, ಬಾಗಿಲಿಗೆ ಹೊಡೆಯುವವರು. ಮೂರು ಚೀಲಕ್ಕೆ ಹಾಕಿ ನಾಲ್ಕನೆಯದನ್ನು ಅಮ್ಮಣ್ಣಿಯ ಕಾಲ ಬಳಿ ಎಸೆದ.

"ವಾಸಲಿಗೆ ಹೊಡ್ಕೋ ಅಮ್ಮಾ, ದೃಷ್ಟಿ ಆಗಲ್ಲ," ಎಂದ. "ಸಾಂಬಾರ್ ಹಾಕಿ ಕುದಿರೆ ಸಾಯ್ಸೋ ಹೋಟ್ಲು ಇದೊಂದೇ ಇರೋದು ಊರಲ್ಲಿ."

ನೋಡಲು ಸೇರಿದ್ದವರು ನಕ್ಕರು. ಕ್ಲೀನರುಗಳೂ ನಕ್ಕರು. ಅವನು ಹೋದ. ಹೆಣವನ್ನು ಲಾರಿ ಬಂದು ಸರಪಳಿ ಕಟ್ಟಿ ಎಳೆಯಿತು.

ಅಮ್ಮಣ್ಣಿ ಲಾಳವನ್ನು ಬಾಗಿಲಿಗೆ ಹೊಡೆಯಲಿಲ್ಲ. ಮೆಟ್ಟುಕತ್ತಿಯ ಹಲಗೆಯ ಕೆಳಗೆ, ದಿನಾ ಕಾಲು ಇಡುವ ಕಡೆ ಇಟ್ಟುಕೊಂಡಳು. ಕಾಂತಪ್ಪ, ಗೊತ್ತಿಲ್ಲದೆ ಮಾಡಿದ್ದಕ್ಕೆ ಪಾಪ ಇಲ್ಲ ಮಾರಾಯ್ತಿ, ಎಂದು ಸಮಾಧಾನ ಹೇಳಿದ.

"ಉಂಟು," ಎಂದಳು. "ಅರ್ಧ ನನ್ನದು. ಇಲ್ಲ ಹೇಳುವುದಿಲ್ಲ. ಉಪವಾಸ ಹಾಕಿ ಬೀದಿಗೆ ಬಿಟ್ಟವನದ್ದು ಅರ್ಧ. ನನ್ನ ಅರ್ಧ ನಾನು ಹೊತ್ತುಕೊಂಡಿದ್ದೇನೆ. ಅವ ಅವನದ್ದನ್ನು ಇಲ್ಲೇ ಬಿಸಾಡಿ ಹೋದ. ಅದನ್ನು ಅವನ ತಲೆಗೆ ಏರಿಸದೆ ನಾನು ಸಾಯುವುದಿಲ್ಲ."

ಕಾಂತಪ್ಪ ಹೆಂಡತಿಯ ಮುಖ ನೋಡಿ ಸ್ಟೂಲನ್ನು ಒಂದು ಗೇಣು ಹಿಂದಕ್ಕೆ ಜರುಗಿಸಿಕೊಂಡ.

ಅಂದಿನಿಂದ ಪ್ರಣಮ್ಯಾ ಕಾಫಿಗೆ ಬಂದಾಗಲೆಲ್ಲ ಅಮ್ಮಣ್ಣಿ ಕೈ ಒರೆಸಿಕೊಂಡು ಬಂದು ಅವಳ ಪಕ್ಕ ನಿಲ್ಲುತ್ತಿದ್ದಳು. ಕುದುರೆ ಎಷ್ಟು ನೀರು ಕುಡಿಯುತ್ತದೆ, ಯಾವ ಹುಲ್ಲು, ಕ್ಯಾರೆಟ್ಟನ್ನು ಉದ್ದಕ್ಕೆ ಸೀಳಬೇಕೋ ಅಡ್ಡಕ್ಕೋ, ಹುಣ್ಣಿಗೆ ಹುಳ ಬಿದ್ದರೆ ಹೇಗೆ ತೆಗೆಯಬೇಕು, ಎಲ್ಲ ಕೇಳಿದಳು. ಉದ್ದಕ್ಕೆ ಸೀಳಬೇಕು, ದುಂಡಗೆ ಕತ್ತರಿಸಿದರೆ ಗಂಟಲಿಗೆ ಸಿಕ್ಕುತ್ತದೆ ಎಂದು ತಿಳಿದ ದಿನ, ನಲವತ್ತು ವರ್ಷದಿಂದ ತರಕಾರಿ ಹೆಚ್ಚುತ್ತಾ ಬಂದರೂ ತನಗೆ ಇದೊಂದು ಗೊತ್ತಿರಲಿಲ್ಲವಲ್ಲ ಎಂದು ನಾಚಿದಳು. ಬದರಿನಾಥನ ವಿಷಯವನ್ನೂ ಹಾಗೇ ಸಂಗ್ರಹಿಸಿದಳು. ಅದನ್ನು ಯಾರನ್ನೂ ಕೇಳಲಿಲ್ಲ. ಮದುವೆ ಮಂಟಪಗಳಿಗೆ ಟಿಫಿನ್ ಸಪ್ಲೈಗೆ ಹೋಗಿ ಬಂದ ಅಡಿಗೆಯವರು ತಟ್ಟೆ ತೊಳೆಯುತ್ತಾ ಆಡುವ ಮಾತು ಸಾಕಾಗಿತ್ತು. ಅವನಿಗೆ ಐದು ಕುದುರೆ. ಹುಣ್ಣಿನ ಮೇಲೆ ಸುಣ್ಣದ ಪುಡಿ ಮೆತ್ತಿ ಮಖಮಲ್ಲು ಹೊದಿಸುತ್ತಾನೆ.

ವರ್ಷ ತಿರುಗಿ ಆಡಿ ಬಂತು. ಏರಿಯ ಮೇಲೆ ಒಂದು ಬಿಳಿ ಹೆಣ್ಣು ಕುದುರೆ ಕುಂಟುತ್ತಾ ಬಂತು. ಎಡ ಹೆಗಲಲ್ಲಿ ಅಂಗೈ ಅಗಲದ ಹುಣ್ಣು, ಅಂಚಿಗೆ ಸುಣ್ಣದ ಪುಡಿ ಅಂಟಿತ್ತು, ನೊಣ ಮುತ್ತಿತ್ತು. ಅಮ್ಮಣ್ಣಿ ಈ ಸಲ ಮೊದಲು ಹೆಸರಿಟ್ಟಳು. ಬೊಳ್ಳಿ. ಊರ ಹಟ್ಟಿಯಲ್ಲಿ ಒಂದು ಬಿಳಿ ದನಕ್ಕಿದ್ದ ಹೆಸರು.

ಪ್ರಣಮ್ಯಾ ಬಂದು ಫೋಟೋ ತೆಗೆದಳು, ಔಷಧ ಕೊಟ್ಟಳು. ಹುಳ ತೆಗೆದದ್ದು ಅಮ್ಮಣ್ಣಿ. ಚವಳಿಕಾಯಿಯ ನಾರು ತೆಗೆಯುವ ಬೆರಳು. ಬೊಳ್ಳಿ ಒಮ್ಮೆಯೂ ಒದೆಯಲಿಲ್ಲ. ಗಿಂಡಿ ಕಡೆಯ ಲಾಳದವನೊಬ್ಬ ಬಂದು ಗೊರಸು ಕತ್ತರಿಸಿಕೊಟ್ಟ. ಬೇವಿನ ಕೆಳಗೆ ಶ್ರೀನಾಥ್ ತಗಡಿನ ಮಾಡು ಹಾಕಿಸಿದರು. ಗಿರಾಕಿಗಳಿಗೆ ವಾಸನೆ ಹೋಗದಿದ್ದರೆ ಸಾಕು ಎಂದಷ್ಟೇ ಹೇಳಿದರು.

ಪ್ರಣಮ್ಯಾ ಪೊಲೀಸ್ ಸ್ಟೇಷನ್ನಿಗೂ ದೂರು ಕೊಟ್ಟಳು. ದಿನಾ ಬೆಳಿಗ್ಗೆ ಹೋಟೆಲಿನಲ್ಲಿ ಪೊಂಗಲ್ ತಿನ್ನುವ ಹೆಡ್ ಕಾನ್‌ಸ್ಟೇಬಲ್ ಕುಮಾರಸ್ವಾಮಿಯೇ ಬದರಿನಾಥನನ್ನು ಕರೆಸಿ ಕೇಳಿದ್ದು. ಅವನು ಖಡಾಖಂಡಿತ ಇಲ್ಲವೆಂದ. ಹೋದ ವರ್ಷ ಸತ್ತದ್ದೂ ತನ್ನದಲ್ಲ, ಈ ವರ್ಷ ಕುಂಟುವುದೂ ತನ್ನದಲ್ಲ. ಲಾಳ ಕಿತ್ತದ್ದು ಏಕೆಂದರೆ, ಬೀದಿಯಲ್ಲಿ ಬಿದ್ದ ಕಬ್ಬಿಣವನ್ನು ಯಾರಾದರೂ ಎತ್ತಿಕೊಳ್ಳಬಹುದು. ಹಾಗೆಂದು ಬರೆದು ಸಹಿಯೂ ಹಾಕಿದ.

ಪ್ರಣಮ್ಯಾ ಮುಖ ಸಪ್ಪಗೆ ಮಾಡಿಕೊಂಡು ಬಂದಳು. ಆಡಿಯಲ್ಲಿ ನನ್ನದಲ್ಲ ಎನ್ನುತ್ತಾನೆ, ಆವಣಿಯಲ್ಲಿ ನನ್ನದು ಎಂದು ಹೊಡೆದುಕೊಂಡು ಹೋಗುತ್ತಾನೆ, ಏನು ಮಾಡುವುದು ಪಾಟಿ ಎಂದಳು. ಅಮ್ಮಣ್ಣಿಯ ಮುಖ ಮಾತ್ರ ಅಂದು ಬೆಳಗಿತ್ತು. ಬರೆದುಕೊಟ್ಟನಾ ಎಂದು ಎರಡೆರಡು ಸಲ ಕೇಳಿದಳು. ಸಹಿ ಹಾಕಿದ್ದು ಹೌದಾ ಎಂದು ಮರುದಿನ ಪೊಂಗಲ್‌ಗೆ ಒಂದು ಚಮಚ ತುಪ್ಪ ಜಾಸ್ತಿ ಹಾಕಿ ಕುಮಾರಸ್ವಾಮಿಯನ್ನೂ ಕೇಳಿದಳು. ಅಕ್ಷರ ಹೆಚ್ಚು ಬಾರದವರಿಗೆ ಬರಹದ ಮೇಲೆ ಇರುವ ಭಯ ಬರುವವರಿಗೆ ಇರುವುದಿಲ್ಲ. ಆಡಿದ್ದನ್ನು ನುಂಗಬಹುದು, ಬರೆದದ್ದನ್ನು ನುಂಗಲಾಗುವುದಿಲ್ಲ. ಇನ್ನು ಅವನ ಬಾಯಿಂದ ನನ್ನದು ಎಂಬ ಒಂದು ಮಾತು, ನಾಲ್ಕು ಜನರ ಎದುರಿಗೆ ಬರಬೇಕು. ಗಾಯ ಕಾಣುವ ಹೊತ್ತಿನಲ್ಲೇ ಬರಬೇಕು.

ಅಂದಿನಿಂದ ಅವಳು ಬೊಳ್ಳಿಗೆ ಪಾಠ ಶುರು ಮಾಡಿದಳು. ಹಲಗೆಯ ಕೆಳಗಿನ ಲಾಳ ತೆಗೆದು ಹಳೆಯ ಹಿತ್ತಾಳೆ ಪಾತ್ರೆ ಕೊಳದಪ್ಪಲೆಗೆ ಮೂರು ಸಲ ಹೊಡೆಯುವುದು. ಠಣ್, ಠಣ್, ಠಣ್. ಹೊಡೆದ ಮೇಲೆ ಕ್ಯಾರೆಟ್ಟು. ಏರಿಯ ಮೇಲಿದ್ದರೂ ಸದ್ದು ಕೇಳಿದರೆ ಬೊಳ್ಳಿ ಬರತೊಡಗಿತು. ಓಡಿ ಬಂದರೆ ಕೊಡುತ್ತಿರಲಿಲ್ಲ. ನಡೆದು ಬಂದು ಬೇವಿನ ಕೆಳಗೆ ನಿಂತರೆ ಮಾತ್ರ. ದಿನಕ್ಕೆ ಐದು ಸಲ, ಮಿಕ್ಸಿ ಅರಚುವಾಗ, ಗ್ಯಾಸ್ ಲಾರಿ ಬಂದಾಗ, ಎಂಥ ಗದ್ದಲದಲ್ಲೂ. ಕಾಂತಪ್ಪ ನೋಡಿ ನೋಡಿ, ನನಗೂ ಕಾಫಿಗೆ ಹೀಗೇ ಹೊಡೆದು ಕರಿ, ಗತ್ತಿನಲ್ಲಿ ಬರ್ತೇನೆ, ಎಂದು ತಮಾಷೆ ಮಾಡಿದ.

ಆಡಿ ಮುಗಿಯಲು ನಾಲ್ಕು ದಿನ ಇರುವಾಗ ಪ್ರಣಮ್ಯಾ ಖುಷಿಯಿಂದ ಬಂದಳು. ಊರ ಹೊರಗೆ, ಕುದುರೆಗಳನ್ನು ಸಾಕುವ ಒಂದು ಆಶ್ರಯದಲ್ಲಿ ಜಾಗ ಸಿಕ್ಕಿದೆ, ನಾಳೆಯೇ ವ್ಯಾನು ತರುತ್ತೇನೆ ಎಂದಳು. ಅಮ್ಮಣ್ಣಿ ಬೇಡವೆಂದಳು. ಗಾಯ ಇನ್ನೂ ಹಸಿ, ಹತ್ತು ದಿನ ಹೋಗಲಿ ಎಂದಳು. ನಿಜದಲ್ಲಿ ಗಾಯ ಮಾಗಿ ಚರ್ಮ ಕೂಡಿತ್ತು. ಹುಡುಗಿ ಹಿಂದೆ ಹೋಗಿ ನೋಡದೆ ಪಾಟಿಯ ಮಾತು ನಂಬಿ ಹೋದಳು.

ಕಾಂತಪ್ಪ ಎಲ್ಲ ಕೇಳಿಸಿಕೊಂಡಿದ್ದ. ಅವಳು ಹುಲ್ಲು ಹಾಕುವಲ್ಲಿಗೆ ಕೋಲೂರಿಕೊಂಡು ಬಂದು ನಿಂತ. ಅಂದು ತಮಾಷೆ ಇರಲಿಲ್ಲ.

"ಅವ ಹಿಡಿದುಕೊಂಡು ಹೋಗಲಿ ಅಂತ ಇಟ್ಟುಕೊಂಡದ್ದಾ ನೀನು ಇದನ್ನು?"

"ಹೌದು."

"ಅದರ ಹೆಗಲು ಮತ್ತೆ ಹರಿಯುವುದು ನಿನಗೆ ಗೊತ್ತುಂಟಲ್ಲ?"

"ಗೊತ್ತುಂಟು."

"ನಿನ್ನ ಲೆಕ್ಕ ತಪ್ಪಿದರೆ ಇದೂ ಅದರ ಹಾಗೇ ಬೀಳ್ತದೆ ಅಮ್ಮಣ್ಣೀ. ಆಗ ಯಾರ ಅರ್ಧ, ಯಾರ ಪೂರ್ತಿ?"

ಅವಳು ಬೊಳ್ಳಿಯ ಹೆಗಲಿನ ಎಳೆಯ ಗುಲಾಬಿ ಚರ್ಮದ ಮೇಲೆ ಕೈ ಇಟ್ಟು ನಿಂತಳು. ಇದನ್ನು ಕಳಿಸಿಬಿಟ್ಟರೆ ಇದೊಂದು ಉಳಿಯುತ್ತದೆ. ಅವನ ಶೆಡ್ಡಿನಲ್ಲಿ ಇನ್ನೂ ನಾಲ್ಕಿವೆ, ಮುಂದಿನ ಆಡಿಗೆ ಇನ್ನೊಂದು ಏರಿ ಹತ್ತಿ ಬರುತ್ತದೆ, ಅವನು ಮತ್ತೆ ಇಕ್ಕಳ ಹಿಡಿದು ಬರುತ್ತಾನೆ. ಹೀಗೆಲ್ಲ ಯೋಚಿಸಿದಳು ಎಂದರೆ ಅವಳಿಗೆ ಒಳ್ಳೆಯ ಹೆಸರು ಕೊಟ್ಟ ಹಾಗಾದೀತು. ನಿಜ ಹೇಳಬೇಕೆಂದರೆ, ಅವಳ ಕಣ್ಣ ಮುಂದೆ ಇದ್ದದ್ದು ಕಾಲ ಬಳಿ ಎಸೆದ ಲಾಳ ಮತ್ತು ಸುತ್ತ ನಕ್ಕವರ ಹಲ್ಲು.

ಆವಣಿ ಎರಡನೇ ದಿನ ಬೆಳಿಗ್ಗೆ, ಅವಳು ಒಳಗೆ ಸಾಂಬಾರು ಈರುಳ್ಳಿ ಸುಲಿಯುವ ಹೊತ್ತಿಗೆ, ಮಾಡಿನ ಕೆಳಗೆ ಕುದುರೆ ಇರಲಿಲ್ಲ. ಅವಳು ಹೊರಗೆ ಬಂದು ನೋಡಿ, ಮತ್ತೆ ಹೋಗಿ ಈರುಳ್ಳಿ ಸುಲಿಯಲು ಕೂತಳು. ಪ್ರಣಮ್ಯಾ ಓಡಿ ಬಂದು ಸ್ಟೇಷನ್ನಿಗೆ ಹೋಗೋಣವೆಂದಾಗ ಕೈ ಹಿಡಿದು ಕೂರಿಸಿದಳು. ಈಗ ಹೋದರೆ ನನ್ನ ಹತ್ತಿರ ಇಲ್ಲವೆನ್ನುತ್ತಾನೆ, ಶೆಡ್ಡಿನ ಹಿಂದೆ ಅಡಗಿಸುತ್ತಾನೆ. ಬೇಯುವ ತನಕ ಕಾದವರಿಗೆ ಆರುವ ತನಕ ಕಾಯಲಾಗದೇ ಎಂದಳು. ಹುಡುಗಿ ಅವಳ ಮುಖ ನೋಡಿದಳು. ಹತ್ತು ದಿನ ಹೋಗಲಿ ಎಂದದ್ದು ಯಾಕೆಂದು ಆಗ ಅವಳಿಗೆ ಗೊತ್ತಾಯಿತು. ಕಾಫಿ ಕುಡಿಯದೆ ಎದ್ದು ಹೋದಳು.

ಹನ್ನೊಂದು ದಿನ ಕಳೆಯಿತು. ಅಮ್ಮಣ್ಣಿಗೆ ಅನ್ನ ಸೇರಲಿಲ್ಲ. ಬೊಳ್ಳಿ ಇಂದು ವಡಪಳನಿಯಲ್ಲಿ ಎಳೆಯಿತಂತೆ, ನಿನ್ನೆ ರಾಮಾವರದಲ್ಲಿ ಎಳೆಯಿತಂತೆ ಎಂದು ಅಡಿಗೆಯವರು ಸುದ್ದಿ ತಂದಾಗಲೆಲ್ಲ ಅವಳ ಮೆಟ್ಟುಕತ್ತಿ ಒಂದು ಗಳಿಗೆ ನಿಲ್ಲುತ್ತಿತ್ತು. ಕೊನೆಗೆ ಕಾಯುತ್ತಿದ್ದ ಸುದ್ದಿ ಬಂತು. ಹೋಟೆಲಿನಿಂದಲೇ ಟಿಫಿನ್ ಹೋಗುವ ಮದುವೆ. ಮಂಟಪ ಎರಡು ಬೀದಿಯಾಚೆ. ಮದುಮಗನ ಮೆರವಣಿಗೆ ಸಂಜೆ ಇದೇ ರಸ್ತೆಯಲ್ಲಿ. ಸಾರೋಟು ಬದರಿನಾಥನದು.

ಹೋಟೆಲಿನ ಓಣಿ ರಸ್ತೆಗೆ ಸೇರುವ ಮೂಲೆಯಲ್ಲಿ ಒಂದು ಪುಟ್ಟ ಪಿಳ್ಳೈಯಾರ್ ಗುಡಿ, ಗಣಪತಿಯದು, ಇದೆ. ಈ ಕಡೆಯ ಯಾವ ಮದುಮಗನೂ ಅದನ್ನು ದಾಟಿ ಸುಮ್ಮನೆ ಹೋಗುವಂತಿಲ್ಲ. ಗಾಡಿ ನಿಲ್ಲಬೇಕು, ವಾದ್ಯ ನಿಲ್ಲಬೇಕು, ತೆಂಗಿನಕಾಯಿ ಒಡೆದು ಕರ್ಪೂರ ತೋರಿಸುವ ತನಕ ಯಾರೂ ಗಟ್ಟಿಯಾಗಿ ಮಾತಾಡುವುದೂ ಇಲ್ಲ. ಅಮ್ಮಣ್ಣಿ ಇಷ್ಟು ವರ್ಷದಲ್ಲಿ ಆ ಮೌನವನ್ನು ಎಷ್ಟು ಸಲ ಕೇಳಿದ್ದಳೋ. ಅಂದು ಸಂಜೆ ಅವಳು ಹಿಂದಿನ ಗೇಟಿನ ಎರಡೂ ಕದ ತೆರೆದು ಬೇವಿನ ಕೆಳಗೆ ನಿಂತಳು. ಒಂದು ಕೈಯಲ್ಲಿ ಕೊಳದಪ್ಪಲೆ, ಇನ್ನೊಂದರಲ್ಲಿ ಲಾಳ. ಪ್ರಣಮ್ಯಾಳಿಗೆ ಕಾಂತಪ್ಪನೇ ಫೋನು ಮಾಡಿಸಿದ್ದ. ಅವಳು ಬಂದು, ಫೋನು ಹಿಡಿದು ದೂರ ನಿಂತಿದ್ದಳು.

ನಾದಸ್ವರ ಹತ್ತಿರ ಬಂತು, ದೀಪದ ಬೆಳಕು ಗೋಡೆಯ ಮೇಲೆ ಬಿತ್ತು. ವಾದ್ಯ ನಿಂತಿತು. ತೆಂಗಿನಕಾಯಿ ಒಡೆದ ಸದ್ದು.

ಠಣ್, ಠಣ್, ಠಣ್.

ಮೊದಲು ಏನೂ ಆಗಲಿಲ್ಲ. ಆಮೇಲೆ ರಸ್ತೆಯಲ್ಲಿ ಏಯ್ ಏಯ್ ಎಂಬ ಕೂಗು. ಓಣಿಯ ಬಾಯಲ್ಲಿ ಬೊಳ್ಳಿಯ ತಲೆ ಕಾಣಿಸಿತು, ತಲೆಯ ಮೇಲೆ ಕೆಂಪು ಗರಿಯ ಕುಚ್ಚು. ಓಡಲಿಲ್ಲ. ಕಲಿಸಿದ ಹಾಗೆ ಒಂದೊಂದೇ ಹೆಜ್ಜೆ ಇಟ್ಟು, ಬಣ್ಣದ ದೀಪ ಮಿನುಗುವ ಸಾರೋಟನ್ನೂ, ಅದರಲ್ಲಿ ಹಾರ ಹಾಕಿ ಕೂತ ಮದುಮಗನನ್ನೂ, ಅವನ ತೊಡೆಯ ಮೇಲಿದ್ದ ತಂಗಿಯ ಮಗುವನ್ನೂ ಎಳೆದುಕೊಂಡು, ಪಾತ್ರೆ ತೊಳೆಯುವ ಕಲ್ಲನ್ನು ದಾಟಿ ಬಂತು. ಗೇಟಿನ ಕಂಬಕ್ಕೆ ಚಕ್ರ ಸಿಕ್ಕಿ ಗಾಡಿ ನಿಂತಿತು. ಬೊಳ್ಳಿ ಕುತ್ತಿಗೆ ಚಾಚಿ ಕ್ಯಾರೆಟ್ಟಿಗೆ ಬಾಯಿ ತೆರೆಯಿತು. ಅಮ್ಮಣ್ಣಿ ಕೊಟ್ಟಳು.

ಹಿಂದೆ ಇಡೀ ಮೆರವಣಿಗೆ ಓಣಿಗೆ ನುಗ್ಗಿತು. ಕೆಲವರು ನಗುತ್ತಿದ್ದರು. ಮದುಮಗನೇ, ಕುದುರೆಗೆ ಹಸಿವಾಗಿರಬೇಕು ಬಿಡಿ, ಎಂದು ಇಳಿದ. ಬದರಿನಾಥ ಜನರನ್ನು ತಳ್ಳಿಕೊಂಡು ಬಂದು ಚಾಟಿ ಎತ್ತಿದ. ಆ ಚಾಟಿಯ ಕೈ ಹಿಡಿದದ್ದು ಕುಮಾರಸ್ವಾಮಿ. ಅಂದು ಮೆರವಣಿಗೆಯ ಜೊತೆ ಟ್ರಾಫಿಕ್ ನೋಡಲು ಬಂದಿದ್ದ. ಅಷ್ಟರಲ್ಲಿ ಅಮ್ಮಣ್ಣಿ ಬೊಳ್ಳಿಯ ಹೆಗಲಿನ ಮಖಮಲ್ಲನ್ನು ಮೆಲ್ಲಗೆ ಎತ್ತಿದಳು. ಬಟ್ಟೆ ಅಂಟಿಕೊಂಡಿತ್ತು. ನೀರು ಚಿಮುಕಿಸಿ ಬಿಡಿಸಿದಳು. ಸುಣ್ಣದ ಪುಡಿ ನೆನೆದು, ಅದರ ಕೆಳಗಿನಿಂದ ಕೀವು, ರಕ್ತ ಇಳಿಯಿತು. ಮೊದಲಿನದಕ್ಕಿಂತ ಎರಡು ಪಟ್ಟು ಅಗಲ.

ನಗು ನಿಂತಿತು. ಮದುಮಗನ ಅಜ್ಜಿ ಕಣ್ಣು ಮುಚ್ಚಿಕೊಂಡು, ರಕ್ತ ಸುರಿಯುವ ಪ್ರಾಣಿ ಎಳೆದ ಗಾಡಿಯಲ್ಲಾ ನನ್ನ ಮೊಮ್ಮಗ ಬಂದದ್ದು ಎಂದು ಅಳಲು ಶುರು ಮಾಡಿದಳು.

ಬದರಿನಾಥನಿಗೆ ಜನರ ಮುಖ ತಿರುಗಿದ್ದು ಕಂಡಿತು. ಬೆರಳನ್ನು ಅಮ್ಮಣ್ಣಿಯ ಕಡೆ ನೀಡಿದ.

"ಈ ಕೆಳವಿ, ಈ ಮುದುಕಿ ಮಾತು ನಂಬಬೇಡಿ. ಹೋದ ವರ್ಷ ಅನ್ನ ಹಾಕಿ ನನ್ನ ಒಂದು ಕುದಿರೆ ಸಾಯ್ಸಿದವಳು ಇವಳೇ. ಕೇಳಿ ಬೇಕಾದರೆ."

ಎಲ್ಲರೂ ಅವಳ ಕಡೆ ನೋಡಿದರು. ಒಂದು ವರ್ಷದಿಂದ ಹೊಟ್ಟೆಯೊಳಗೆ ಹುಳಿಯುತ್ತಿದ್ದದ್ದು ಅಂದು ಹೊರಗೆ ಬಂತು.

"ಹೌದು," ಎಂದಳು. "ಅಕ್ಕಚ್ಚು ಕೊಟ್ಟು ನಾನೇ ಕೊಂದೆ. ಇಷ್ಟು ಜನರ ಎದುರಿಗೆ ಹೇಳ್ತೇನೆ, ನಾನೇ. ಆದರೆ ನೀನು ಯಾರು ಕೇಳ್ಲಿಕ್ಕೆ? ಬೀದಿಯ ಕುದುರೆ ಅದು. ಇದೂ ಬೀದಿಯದ್ದೇ."

"ಯಾರು ಹೇಳಿದ್ದು ಬೀದಿದು ಅಂತ? ಎನ್ನೋಡದು!" ಎಂದು ಅವನು ಎದೆಗೆ ಹೊಡೆದುಕೊಂಡ. "ಅದೂ ಎನ್ನೋಡದು, ಇದೂ ಎನ್ನೋಡದು!"

ನನ್ನದು, ನನ್ನದು ಎಂದು ಅವನು ಕೂಗಿದ್ದನ್ನು ಓಣಿಯ ಇನ್ನೂರು ಜನ ಕೇಳಿದರು. ಪ್ರಣಮ್ಯಾಳ ಫೋನೂ ಕೇಳಿಸಿಕೊಂಡಿತು. ಕುಮಾರಸ್ವಾಮಿ ಅವನ ಕೈ ಬಿಡಲಿಲ್ಲ. ಹಾಗಾದರೆ ನೀನು ನನ್ನೆದುರಿಗೆ ಬರೆದು ಸಹಿ ಹಾಕಿದ ಕಾಗದ ಎಂಥದ್ದು ಎಂದು ಮೆಲ್ಲಗೆ, ಪೊಂಗಲ್‌ಗೆ ಇನ್ನೊಂದು ಚಟ್ನಿ ಕೇಳುವ ದನಿಯಲ್ಲಿ ಕೇಳಿದ. ಅಮ್ಮಣ್ಣಿ ಬದರಿನಾಥನ ಮುಖವನ್ನು ಚೆನ್ನಾಗಿ, ಅವಸರವಿಲ್ಲದೆ ನೋಡಿದಳು.

ಮದುಮಗ ಮಂಟಪಕ್ಕೆ ನಡೆದೇ ಹೋದ. ಆ ಮದುವೆಯ ಸುದ್ದಿ ಮಂಟಪದಿಂದ ಮಂಟಪಕ್ಕೆ ನಡೆಯಿತು. ರಕ್ತದ ಸಾರೋಟು ಎಂದು ಹೆಸರು ಬಿದ್ದ ಗಾಡಿಯನ್ನು ಆಮೇಲೆ ಯಾರೂ ಕರೆಯಲಿಲ್ಲ. ಕೇಸಾಯಿತು. ಶೆಡ್ಡಿನ ನಾಲ್ಕು ಕುದುರೆಗಳನ್ನು ಪ್ರಣಮ್ಯಾಳ ಕಡೆಯವರು ಆಶ್ರಯಕ್ಕೆ ಒಯ್ದರು. ಬೊಳ್ಳಿಯನ್ನು ಮಾತ್ರ, ಹೆಗಲು ಮಾಗುವ ತನಕ ಎಂದು, ಬೇವಿನ ಕೆಳಗೆ ಬಿಟ್ಟರು. ಮಾಗಲು ಆರು ತಿಂಗಳು ಹಿಡಿಯಿತು, ಆಮೇಲೂ ಅದು ಅಲ್ಲೇ ಉಳಿಯಿತು. ಆ ಆರು ತಿಂಗಳೂ ಪ್ರಣಮ್ಯಾ ಅಮ್ಮಣ್ಣಿಯೊಡನೆ ಔಷಧದ ಮಾತು ಬಿಟ್ಟು ಬೇರೆ ಮಾತಾಡಲಿಲ್ಲ. ಒಂದು ದಿನ ಮಾತ್ರ, ನೀವು ಬೊಳ್ಳಿಯನ್ನು ಗಾಳಕ್ಕೆ ಚುಚ್ಚಿದಿರಿ ಪಾಟಿ, ಎಂದಳು. ಅಮ್ಮಣ್ಣಿ ಹೌದೆಂದಳು. ಅಷ್ಟೇ.

ಈ ವರ್ಷದ ಆಡಿ ಹುಟ್ಟಿದ ಮೊದಲ ವಾರ ಬದರಿನಾಥ ಹಿಂಬಾಗಿಲಿಗೆ ಬಂದ. ಗಡ್ಡ ಬಿಟ್ಟಿದ್ದ. ಸಾರೋಟು ಟಯರು ಇಳಿದು ನಿಂತಿದೆ, ಕೋರ್ಟಿಗೆ ಅಲೆದು ಸಾಕಾಯಿತು, ಡಾಕ್ಟರಮ್ಮನಿಗೆ ಹೇಳಿ ಕೇಸು ಬಿಡಿಸಮ್ಮಾ ಎಂದ. ಅಮ್ಮಣ್ಣಿ ನುಗ್ಗೆಕಾಯಿ ಹೆಚ್ಚುವುದನ್ನು ನಿಲ್ಲಿಸಲಿಲ್ಲ. ಗಲ್ಲ ಎತ್ತಿ ಎರಡು ಬಕೇಟು ತೋರಿಸಿದಳು.

"ಕುದುರೆಗೆ ನೀರು ಬೇಕು. ನಲ್ಲಿ ಅಲ್ಲುಂಟು."

ಅವನು ಹೊತ್ತ. ಮರುದಿನವೂ ಬಂದು ಹೊತ್ತ. ದಿನಕ್ಕೆ ಎರಡು ಹೊತ್ತು, ಆಡಿ ಪೂರ್ತಿ. ಅವನು ಹತ್ತಿರ ಬಂದರೆ ಬೊಳ್ಳಿ ಕಿವಿ ಹಿಂದಕ್ಕೆ ಮಡಚಿ ಹಲ್ಲು ತೋರಿಸುತ್ತಿತ್ತು. ಅವನು ನೀರು ಸುರಿದು ನಾಲ್ಕು ಮಾರು ದೂರ ಹೋದ ಮೇಲೆಯೇ ಕುಡಿಯುತ್ತಿತ್ತು. ಕ್ಲೀನರುಗಳು ನೋಡಿ ನಗುತ್ತಿದ್ದರು. ಕಾಂತಪ್ಪನಿಗೆ ಪಾಪ ಎನಿಸಿ ಒಂದು ದಿನ ಅವನಿಗೆ ಕಾಫಿ ಕೊಡಿಸಿದ. ಅಮ್ಮಣ್ಣಿ ಮೂರು ದಿನ ಗಂಡನೊಂದಿಗೆ ಮಾತು ಬಿಟ್ಟಳು.

ಆಡಿಯ ಕೊನೆಯ ದಿನ ಅವನು ಖಾಲಿ ಬಕೇಟು ಕೆಳಗಿಟ್ಟು, ಕೈ ಕಟ್ಟಿ ನಿಂತ. ಅಮ್ಮಾ, ಕೇಸು, ಎಂದ.

"ಕೇಸು ನಾನು ಹಾಕಿದ್ದಾ? ನನಗೆ ಸರಿಯಾಗಿ ಸಹಿ ಹಾಕ್ಲಿಕ್ಕೂ ಬರುವುದಿಲ್ಲ," ಎಂದಳು. "ನೀರು ಹೊರು ಅಂದೆ. ಬಿಡಿಸ್ತೇನೆ ಅಂತ ಒಂದು ದಿನವಾದರೂ ಹೇಳಿದ್ದೇನಾ, ನೆನಪು ಮಾಡಿಕೋ."

ಅವನು ನೆನಪು ಮಾಡಿಕೊಂಡ. ಹೇಳಿರಲಿಲ್ಲ. ಅವನ ಕಣ್ಣು ಮೆಟ್ಟುಕತ್ತಿಯ ಹಲಗೆಯ ಕಡೆ ಹೋಯಿತು. ಅದರ ಕೆಳಗೆ, ಅವಳ ಹೆಬ್ಬೆರಳಿನ ಬಳಿ, ಸವೆದು ಹೊಳೆಯುವ ಲಾಳ ಇತ್ತು. ಅದು ಯಾವುದೆಂದು ಅವನಿಗೆ ಗೊತ್ತಾಯಿತು. ಅಮ್ಮಣ್ಣಿ ಅದನ್ನು ಕಾಲಿನಿಂದ ಇನ್ನೂ ಸ್ವಲ್ಪ ಒಳಗೆ ಸರಿಸಿಕೊಂಡು ಮುಂದಿನ ನುಗ್ಗೆಕಾಯಿ ಎತ್ತಿಕೊಂಡಳು.

"ನಾಳೆ ಹೊತ್ತಿಗೆ ಸರಿಯಾಗಿ ಬಾ," ಎಂದಳು. "ಆವಣಿಯಲ್ಲೂ ಕುದುರೆಗೆ ಬಾಯಾರ್ತದೆ."